ಭಾಗ್ಯನಗರದಲ್ಲಿ ಮನೆ ಕೊಳ್ಳಲೇ?

ಪ್ರಶ್ನೆ: ಕೊಪ್ಪಳದಲ್ಲಿ 9 ವರ್ಷದಿಂದ ಬಾಡಿಗೆಗೆ ಇದ್ದೇವೆ. ಪಕ್ಕದ ಭಾಗ್ಯನಗರದ ಹೊಸ ಬಡಾವಣೆಯಲ್ಲಿ ಒಂದು ಮನೆ ಮಾರಾಟಕ್ಕಿದೆ. ಕೊಳ್ಳಬಹುದಾ?

ಉತ್ತರ: ಕೊಳ್ಳಿ, ಆದರೆ ಮೇ ತಿಂಗಳವರೆಗೆ ಕಾಯಿರಿ. ನಾನು ಡಿಸೆಂಬರ್‌ನಲ್ಲಿ ಮನೆ ನೋಡಿ ಮುಂಗಡ ಕೊಟ್ಟವನು. ಬೇಸಿಗೆಗೆ ಬೋರ್ ಒಣಗಿತು. ಬೆಳಗಿನ ಐದಕ್ಕೇ ನನ್ನ ಹೆಂಡತಿ ಟ್ಯಾಂಕರ್‌ಗಾಗಿ ಕೊಡ ಸಾಲಿಡುತ್ತಿದ್ದಳು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ನೀವು ನೋಡಿರುವ ಮನೆಯ ಅಕ್ಕಪಕ್ಕದವರ ಅಡುಗೆಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ದಪ್ಪಗಿದ್ದರೆ ನೀರು ಗಡುಸು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕೂಡ ಇದೆ, ಆ ಮನೆಯ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ತುಂಗಭದ್ರೆಯ ನೀರು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾರುವವರನ್ನಲ್ಲ, ಓಣಿಯ ಹೆಂಗಸರನ್ನು ಕೇಳಿ. ಕಾಗದಪತ್ರದಲ್ಲಿ ಇ-ಖಾತೆ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ), ಕೃಷಿಯೇತರ ಆದೇಶ (ಹೊಲವನ್ನು ಮನೆ ಕಟ್ಟಲು ಬಳಸುವ ಅನುಮತಿ), 30 ವರ್ಷದ ಋಣಭಾರ ಪತ್ರ (ಆಸ್ತಿಯ ನೋಂದಾಯಿತ ಮಾರಾಟ, ಅಡಮಾನಗಳ ವಿವರ) ಇರಲೇಬೇಕು. ಸುಮ್ನೆ ನೋಂದಣಿಯಾಗದ ಬಾಂಡ್ ಪೇಪರ್ ಕರಾರು ತೋರಿಸಿದರೆ ಮುಂಗಡ ಕೊಡಬೇಡಿ.