ಹಳೆಯ ಲೇಥಿಗೆ ಯಾವ ಚಕ್?

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇನೆ. ಹವ್ಯಾಸಕ್ಕೆಂದು ಹಳೆಯ ಮೈಫೋರ್ಡ್ ಎಂಎಲ್7 ಲೇಥ್ (ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಕೊಂಡೆ, ಕಡೆಯುವ ತುಂಡನ್ನು ಹಿಡಿಯುವ ಚಕ್ ಇರಲಿಲ್ಲ. ಚಕ್ ಕೂರುವ ತಿರುಗುವ ದಂಡದ (ಸ್ಪಿಂಡಲ್) ಥ್ರೆಡ್ಡಿನ, ಅಂದರೆ ತಿರುಪು ಗೆರೆಗಳ, ವ್ಯಾಸ ಸುಮಾರು 28.5 ಮಿ.ಮೀ. ಇದೆ. ಮೆಟ್ರಿಕ್ ಥ್ರೆಡ್ಡಿನ ಚಕ್ ಆದೀತೇ?

ಉತ್ತರ: ಬೇಡ, ದಯವಿಟ್ಟು ಬೇಡ. ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ತಯಾರಾದ, 1946ರಲ್ಲಿ ಬಂದ ಈ ಲೇಥಿನದು ಇಂಚಿನ ಲೆಕ್ಕ: ವ್ಯಾಸ 1⅛ ಇಂಚು, ಇಂಚಿಗೆ 12 ಥ್ರೆಡ್, ಹಲ್ಲುಗಳಿಗೆ 55 ಡಿಗ್ರಿಯ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಅಳತೆ ಪದ್ಧತಿ) ಕೋನ. ಅಂದರೆ ಒಂದು ಹಲ್ಲಿನಿಂದ ಇನ್ನೊಂದಕ್ಕಿರುವ ಅಂತರ, ಪಿಚ್, 2.117 ಮಿ.ಮೀ. ಎರಡು ಮಿ.ಮೀ. ಪಿಚ್ಚಿನ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಇಟ್ಟರೆ ಮೊದಲ ಕೆಲವು ಹಲ್ಲುಗಳು ಕೂತಂತೆ ಕಂಡು ಮೋಸ ಮಾಡುತ್ತವೆ. ಗೇಜನ್ನು ಪೂರ್ತಿ ಉದ್ದಕ್ಕೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸವೆದ ತುದಿಗಳಿಂದ ವ್ಯಾಸ ತುಸು ಕಡಿಮೆ ಬರುವುದು ಸಹಜ.

ಅದಕ್ಕಿಂತ ಮುಖ್ಯವಾದದ್ದು ಥ್ರೆಡ್ಡಿನ ಹಿಂದಿರುವ 1¼ ಇಂಚಿನ ನುಣುಪಾದ ಭಾಗ. ಚಕ್ ಕೇಂದ್ರಕ್ಕೆ ಬರುವುದು ಅದರಿಂದ. ಥ್ರೆಡ್ ಬರಿದೇ ಎಳೆದು ಬಿಗಿಯುತ್ತದೆ. ಹಾಗಾಗಿ ನನ್ನ ಸಲಹೆ, ಮೈಫೋರ್ಡ್ ಥ್ರೆಡ್ ಕೊರೆದ ಬ್ಯಾಕ್‌ಪ್ಲೇಟ್ (ಸ್ಪಿಂಡಲ್‌ಗೂ ಚಕ್ಕಿಗೂ ನಡುವಿನ ತಟ್ಟೆ) ಕೊಂಡು, ಅದರ ಮುಖವನ್ನು ನಿಮ್ಮ ಲೇಥಿನಲ್ಲೇ ಕಡೆದು, ಚಕ್ಕನ್ನು ಅದಕ್ಕೆ ಬೋಲ್ಟ್ ಮಾಡಿ. ಪ್ರತಿ ಬಾರಿ ಥ್ರೆಡ್ಡಿನ ಲೋಹದ ಚೂರುಗಳನ್ನು ಒರೆಸಿಯೇ ಹಾಕಿ. ಲೇಥಿನ ಇನ್ನೊಂದು ತುದಿಯ ಆಧಾರವಾದ ಟೇಲ್‌ಸ್ಟಾಕ್‌ಗೆ 2ನೇ ನಂಬರಿನ ಮೋರ್ಸ್ ಟೇಪರ್ (ಉಪಕರಣ ಕೂರುವ ಓರೆ ರಂಧ್ರದ ಪ್ರಮಾಣಿತ ಅಳತೆ); ಆ ಅಳತೆಯ ಸೆಂಟರ್ (ತುಂಡಿನ ತುದಿಯನ್ನು ಆನಿಸುವ ಚೂಪು ಮೊನೆ), ಡ್ರಿಲ್ ಚಕ್ ಸುಲಭವಾಗಿ ಸಿಗುತ್ತವೆ.