ಆರು ಬಣ್ಣದ ಇಂಕ್‌ಜೆಟ್‌ನಲ್ಲಿ ಕಪ್ಪು-ಬಿಳುಪು ಚಿತ್ರ ಹಸಿರು ಹೊಡೆದರೆ, ನೆರಳು ಮುಚ್ಚಿಹೋದರೆ ಏನು ಮಾಡಬೇಕು?

ನೀವು ಕೇಳಿರೋದು ಇಷ್ಟು: ಹಾಸನದಲ್ಲಿದ್ದೀರಿ, ಮನೆಯಲ್ಲಿ ಆರು ಬಣ್ಣದ ಎ3+ ಟ್ಯಾಂಕ್ ಪ್ರಿಂಟರ್ ಇದೆ. ಹಳೇಬೀಡಿನ ಗೋಡೆಯ ಆನೆಸಾಲಿನ ಫೋಟೊ 12×18 ಇಂಚಿನಲ್ಲಿ ತೆಗೆದರೆ ಹಸಿರು ಹೊಡೆಯುತ್ತೆ, ಆನೆಗಳ ಕಾಲಿನ ಸಂದಿಯೆಲ್ಲ ಒಂದೇ ಕಪ್ಪು. ಪ್ರಿಂಟರ್ ಬದಲಿಸಬೇಕಾ?

ಈಗಲೇ ಬೇಡ. ಇವು ಎರಡು ಬೇರೆ ಬೇರೆ ತೊಂದರೆ. ನೆರಳಿನದು ಇದೇ ಪ್ರಿಂಟರ್‌ನಲ್ಲಿ ಸರಿಹೋಗುತ್ತೆ. ಹಸಿರಿನದು ಮುಕ್ಕಾಲು ಪಾಲು ಹೋಗುತ್ತೆ, ಪೂರ್ತಿ ಹೋಗಲ್ಲ.

ಮೊದಲು ಹಸಿರು. ನಿಮ್ಮ ಪ್ರಿಂಟರ್‌ನಲ್ಲಿರೋದು ಕಪ್ಪು, ಸಯಾನ್, ಮಜೆಂಟಾ, ಹಳದಿ, ಜೊತೆಗೆ ತಿಳಿ ಸಯಾನ್, ತಿಳಿ ಮಜೆಂಟಾ. ಬೂದು ಇಂಕ್ ಇಲ್ಲ. ಹಾಗಾಗಿ ಚಿತ್ರದ ಹೆಚ್ಚಿನ ಬೂದು ಮಟ್ಟಗಳನ್ನು ಅದು ಬಣ್ಣ ಬೆರೆಸಿಯೇ ಮಾಡುತ್ತೆ. ಬೆರಕೆಯಲ್ಲಿ ಮಜೆಂಟಾ ಸ್ವಲ್ಪ ಕಡಿಮೆ ಬಿದ್ದರೂ ಹಸಿರು, ಜಾಸ್ತಿ ಬಿದ್ದರೆ ನೇರಳೆ. ಬಣ್ಣದ ಚಿತ್ರದಲ್ಲಿ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಬೂದಿನಲ್ಲಿ ಕಣ್ಣು ತಕ್ಷಣ ಹಿಡಿಯುತ್ತೆ. ಇನ್ನೊಂದು ಕಿರಿಕಿರಿ: ಕಿಟಕಿ ಬೆಳಕಿನಲ್ಲಿ ಸರಿಯಾಗಿ ಕಂಡ ಪ್ರಿಂಟ್ ಅಗ್ಗದ ಎಲ್‌ಇಡಿ ಟ್ಯೂಬ್ ಕೆಳಗೆ ಹಸಿರಾಗಿ ಕಾಣಬಹುದು. ಪ್ರಿಂಟ್ ಎಲ್ಲಿ ತೂಗುಹಾಕ್ತೀರೋ ಆ ಬೆಳಕಿನಲ್ಲೇ ನೋಡಿ ತೀರ್ಮಾನ ಮಾಡಿ. ಅದಕ್ಕೂ ಮುಂಚೆ ಒಂದು ರಾತ್ರಿ ಒಣಗಲಿ. ನಿಮ್ಮದರಂಥ ಡೈ ಇಂಕ್‌ನ (ಬಣ್ಣ ಪೂರ್ತಿ ಕರಗಿರುವ ಇಂಕ್) ಬಣ್ಣ ಮೊದಲ ಕೆಲವು ಗಂಟೆ ಬದಲಾಗ್ತಾನೇ ಇರುತ್ತೆ.

ಡ್ರೈವರ್‌ನಲ್ಲಿ 'ಗ್ರೇಸ್ಕೇಲ್' ಟಿಕ್ ಹಾಕಿದರೆ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಹಲವು ಮಾದರಿಗಳಲ್ಲಿ ಆಗ ಹೆಚ್ಚುಕಮ್ಮಿ ಕಪ್ಪು ಇಂಕ್ ಒಂದೇ ಓಡುತ್ತೆ. ಹಸಿರು ಛಾಯೆ ಹೋಗುತ್ತೆ, ನಿಜ. ಆದರೆ ಆಕಾಶ, ಮಂಜಿನಂಥ ತಿಳಿ ಭಾಗದಲ್ಲಿ ಬಿಡಿಬಿಡಿ ಚುಕ್ಕಿ ರಾಗಿ ಚೆಲ್ಲಿದ ಹಾಗೆ ಕಾಣುತ್ತೆ. ಮುಳ್ಳಯ್ಯನಗಿರಿಯ ಮಂಜನ್ನು ಹೀಗೆ ಪ್ರಿಂಟ್ ಮಾಡಿದರೆ ಗೋಡೆ ಮೇಲೆ ಹಾಕೋಕೆ ಆಗಲ್ಲ.

ನಾನಾದರೆ ಮೊದಲು ಸೆಟ್ಟಿಂಗ್ ನೋಡ್ತೀನಿ. ಫೋಟೊಶಾಪ್‌ನಲ್ಲಿ 'ಫೋಟೊಶಾಪ್ ಮ್ಯಾನೇಜಸ್ ಕಲರ್ಸ್' ಅಂತ ಇಟ್ಟು, ಪೇಪರಿನ ಪ್ರೊಫೈಲ್ (ಆ ಇಂಕ್, ಆ ಪೇಪರಿನಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ತಿಳಿಸುವ ಫೈಲ್) ಆರಿಸಿ, ಪ್ರಿಂಟರ್ ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಪೂರ್ತಿ ಆಫ್ ಮಾಡಬೇಕು. ಎರಡೂ ಕಡೆ ಆನ್ ಇದ್ದರೆ ಚಿತ್ರ ಎರಡು ಸಲ ತಿದ್ದುಪಡಿಯಾಗಿ ಕಪ್ಪೂ ಏರುತ್ತೆ, ಛಾಯೆಯೂ ಬರುತ್ತೆ. ಹಸಿರು, ನೇರಳೆ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಬೇರೆ ಕಂಪನಿಯ ಅಗ್ಗದ ಇಂಕ್ ತುಂಬಿಸಿದ್ದರೆ ಪ್ರಿಂಟರ್ ಜೊತೆ ಬಂದ ಪ್ರೊಫೈಲ್ ನಿಮಗೆ ಉಪಯೋಗಕ್ಕೆ ಬರಲ್ಲ, ಆ ಪ್ರೊಫೈಲ್ ಮೂಲ ಇಂಕ್‌ನ ಅಳತೆಯದು. ಆಗ ಬಣ್ಣ ಅಳೆಯುವ ಸಾಧನ, ಸ್ಪೆಕ್ಟ್ರೋಫೋಟೊಮೀಟರ್ ಇರುವವರ ಹತ್ತಿರ ನಿಮ್ಮ ಇಂಕ್, ನಿಮ್ಮ ಪೇಪರಿಗೇ ಪ್ರೊಫೈಲ್ ಮಾಡಿಸಿ. ಬೂದು ಚೌಕಗಳು ಜಾಸ್ತಿ ಇರುವ ಚಾರ್ಟ್ ಬಳಸಿ ಅಂತ ಕೇಳಿ.

ಇಷ್ಟರ ಮೇಲೂ ಉಳಿದ ಛಾಯೆಯನ್ನ ತೆಗೆಯೋಕೆ ಹೋಗಬೇಡಿ, ಮುಚ್ಚಿ. ಚಿತ್ರ ಆರ್‌ಜಿಬಿಯಲ್ಲೇ ಇರಲಿ. ಕಲರ್ ಬ್ಯಾಲೆನ್ಸ್‌ನ ಮಿಡ್‌ಟೋನ್‌ನಲ್ಲಿ ಕೆಂಪಿನ ಕಡೆಗೆ 3, ಹಳದಿ ಕಡೆಗೆ 4 ಸರಿಸಿ ನೋಡಿ. ಅಪ್ಪಟ ಬೂದಿನಿಂದ ಹಸಿರಿಗೆ ಜಾರಿದ್ದು ಎದ್ದು ಕಾಣುತ್ತೆ, ಚಿತ್ರದುದ್ದಕ್ಕೂ ತೆಳುವಾದ ಕಂದು ಇದ್ದರೆ ಅದರೊಳಗಿನ ಏರುಪೇರು ಕಾಣಲ್ಲ. ಬಳಪದ ಕಲ್ಲಿಗೆ ಈ ಬೆಚ್ಚನೆಯ ಛಾಯೆ ಒಪ್ಪುತ್ತೆ ಕೂಡ.

ಈಗ ನೆರಳು. ಅರ್ಧ ತಪ್ಪು ಸ್ಕ್ರೀನಿನದು. ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಚಿತ್ರ ತಿದ್ದಿದರೆ ಪ್ರಿಂಟ್ ಕಪ್ಪಾಗದೆ ಇನ್ನೇನು? ಮಾನಿಟರಿನ ಹೊಳಪು ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾ ಸುತ್ತ ಇರಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಪ್ರಿಂಟ್ ನೋಡುವ ಬೆಳಕಿನಲ್ಲೇ ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್ ಹಾಳೆಗಿಂತ ಹೊಳೆಯದ ಮಟ್ಟಕ್ಕೆ ಇಳಿಸಿ.

ಉಳಿದರ್ಧಕ್ಕೆ ಚಿತ್ರ ಮುಟ್ಟುವ ಮುಂಚೆ ಸ್ಟೆಪ್ ವೆಡ್ಜ್, ಅಂದರೆ ಬಿಳಿಯಿಂದ ಕಪ್ಪಿನವರೆಗಿನ ಬೂದು ಚೌಕಗಳ ಪರೀಕ್ಷಾ ಪ್ರಿಂಟ್, ತೆಗೀಬೇಕು. ಇದನ್ನ ಬಿಟ್ಟು ನೇರ ಚಿತ್ರದ ಮೇಲೆ ಪ್ರಯೋಗ ಮಾಡುವವರು ಪೇಪರ್ ಹಾಳುಮಾಡ್ತಾನೇ ಇರ್ತಾರೆ. ಒಂದು ಎ4 ಫೈಲ್ ಮಾಡಿ. ಒಂದು ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಶೇ 5ರ ಅಂತರದಲ್ಲಿ 21 ಚೌಕ. ಕೆಳಗಿನ ಸಾಲಿನಲ್ಲಿ ಕಪ್ಪಿನ ತುದಿ ಮಾತ್ರ: ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರೂ ಸಮ ಇಟ್ಟು (0 ಅಂದರೆ ಕಪ್ಪು, 255 ಅಂದರೆ ಬಿಳಿ) 0, 4, 8, 12, 16, 20, 24, 28, 32. ಮೂರನೇ ಸಾಲಿನಲ್ಲಿ ಬಿಳಿಯ ತುದಿ: 240ರಿಂದ 255ರವರೆಗೆ 3ರ ಅಂತರ. ಚಿತ್ರಕ್ಕೆ ಬಳಸುವ ಪೇಪರ್, ಪ್ರೊಫೈಲ್, ಕ್ವಾಲಿಟಿ ಸೆಟ್ಟಿಂಗ್‌ನಲ್ಲೇ ಇದನ್ನೂ ತೆಗೀರಿ. ಮಾರನೇ ದಿನ ಕಿಟಕಿ ಹತ್ತಿರ ನೋಡಿ.

ಎರಡನೇ ಸಾಲಿನಲ್ಲಿ 0, 4, 8, 12 ಒಂದೇ ಕಪ್ಪಾಗಿ ಕಂಡು 16ರಿಂದ ಬೇರೆಯಾದರೆ, ಆ ಪೇಪರ್ ಮೇಲೆ 12ರ ಕೆಳಗಿನ ವಿವರವೆಲ್ಲ ಕಾಣೋದೇ ಇಲ್ಲ. ನಿಮ್ಮ ಆನೆಗಳ ಕಾಲಿನ ಸಂದಿ ಇರೋದು ಅಲ್ಲೇ. ಫೋಟೊಶಾಪ್‌ನಲ್ಲಿ ಚಿತ್ರದ ಮೇಲೆ ಒಂದು ಲೆವೆಲ್ಸ್ ಪದರ ಹಾಕಿ, ಔಟ್‌ಪುಟ್ ಕಪ್ಪನ್ನು 0ಯಿಂದ 10ಕ್ಕೆ ಏರಿಸಿ. 10 ಹೇಗೂ 0ಯಷ್ಟೇ ಕಪ್ಪಾಗಿ ಪ್ರಿಂಟ್ ಆಗೋದರಿಂದ ಕಪ್ಪಿನ ಆಳ ಕಡಿಮೆಯಾಗಲ್ಲ, ಮುಚ್ಚಿಹೋಗಿದ್ದ ವಿವರ ಮಾತ್ರ ಮೇಲೆ ಬರುತ್ತೆ. ಆಮೇಲೆ 21 ಚೌಕಗಳಲ್ಲಿ ಎಲ್ಲಿ ಎರಡು ಪಕ್ಕದ ಚೌಕ ಅಂಟಿಕೊಂಡಂತಿವೆ ನೋಡಿ, ಫೋಟೊಶಾಪ್‌ನ ಕರ್ವ್‌ನಲ್ಲಿ ಅಲ್ಲಿ ಗೆರೆಯ ಇಳಿಜಾರು ಹೆಚ್ಚಿಸಿ. ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು, ಅದರ ಆಟೊ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿ ಚೌಕಗಳ ಬೆಲೆ ಹೋಲಿಸಿ. ಈ ಕರ್ವ್ ಅನ್ನು ಪೇಪರಿನ ಹೆಸರಲ್ಲೇ ಉಳಿಸಿಟ್ಟುಕೊಳ್ಳಿ. ಪೇಪರ್ ಬದಲಾದರೆ ಇದು ನಡೆಯಲ್ಲ.

ಪೇಪರ್ ಅಂದರೆ, ದುಬಾರಿ ಹತ್ತಿಯ ಮ್ಯಾಟ್ ಪೇಪರ್ ಈ ಪ್ರಿಂಟರ್‌ಗೆ ಹಾಕಬೇಡಿ. ಮ್ಯಾಟ್ ಕಪ್ಪು ಇಂಕ್ ಇರುವ ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವ ಇಂಕ್‌ನ) ಪ್ರಿಂಟರಿನಲ್ಲೇ ಮ್ಯಾಟ್ ಪೇಪರಿನ ಗರಿಷ್ಠ ಕಪ್ಪಿನ ಸಾಂದ್ರತೆ 1.6–1.7 ಸುತ್ತ, ಅಂದರೆ ಬಿದ್ದ ಬೆಳಕಿನಲ್ಲಿ ಶೇ 2ರಷ್ಟು ವಾಪಸ್ ಬರುತ್ತೆ. ಒಳ್ಳೆಯ ಗ್ಲಾಸಿ, ಬರೈಟಾ (ಬೇರಿಯಂ ಸಲ್ಫೇಟ್ ಲೇಪದ) ಪೇಪರಿನಲ್ಲಿ 2.2 ದಾಟುತ್ತೆ, ವಾಪಸ್ ಬರೋದು ಶೇ 1ಕ್ಕಿಂತ ಕಡಿಮೆ. ಡೈ ಕಪ್ಪು ಮ್ಯಾಟ್ ಮೇಲೆ ಇನ್ನೂ ಪೇಲವ. ಲಸ್ಟರ್ ಅಥವಾ ಸ್ಯಾಟಿನ್, 250 ಜಿಎಸ್‌ಎಂ ಸುತ್ತಿನದು ನಿಮಗೆ ಸರಿ. ಯಾವ ಬದಿ ಅಂತ ಗೊಂದಲವಾದರೆ ಮೂಲೆಯನ್ನು ಸ್ವಲ್ಪ ಒದ್ದೆ ಬೆರಳಿನಿಂದ ಮುಟ್ಟಿ, ಅಂಟಿದ ಬದಿ ಪ್ರಿಂಟ್ ಬದಿ.

ಅಳತೆ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್‌ದಾದರೆ ಚಿತ್ರ 6000×4000 ಪಿಕ್ಸೆಲ್. 18 ಇಂಚಿಗೆ ಹಂಚಿದರೆ ಇಂಚಿಗೆ 333 ಪಿಕ್ಸೆಲ್ ಬರುತ್ತೆ. ಎಪ್ಸನ್ ಆದರೆ 360ಕ್ಕೆ, ಕ್ಯಾನನ್ ಆದರೆ 300ಕ್ಕೆ ಹೊಂದಿಸಿ, ಶಾರ್ಪನಿಂಗ್ ಕೊನೆಗೆ ಮಾಡಿ.

ಮುಂದೆ ಪ್ರಿಂಟರ್ ಬದಲಿಸೋದೇ ಆದರೆ ಬೂದು ಇಂಕ್ ಇರುವ ಪಿಗ್ಮೆಂಟ್ ಪ್ರಿಂಟರ್ ನೋಡಿ. ಎಪ್ಸನ್ ಪಿ700, ಪಿ900ನಲ್ಲಿ ಬೂದು, ತಿಳಿ ಬೂದು ಎರಡೂ ಇವೆ, ಕ್ಯಾನನ್ ಪ್ರೊ-300ರಲ್ಲಿ ಒಂದು ಬೂದು. ಛಾಯೆ ಇಲ್ಲದಿರೋದರ ಜೊತೆಗೆ ಬಾಳಿಕೆಯೂ ಇದೆ: ಬಣ್ಣ ಬೆರೆಸಿ ಮಾಡಿದ ಬೂದಿನಲ್ಲಿ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಮಾಸುತ್ತೆ, ವರ್ಷ ಕಳೆದಂತೆ ಛಾಯೆ ತಾನೇ ಹುಟ್ಟುತ್ತೆ. ಎಪ್ಸನ್‌ನ ಅಡ್ವಾನ್ಸ್ಡ್ ಬ್ಲ್ಯಾಕ್ ಆ್ಯಂಡ್ ವೈಟ್ ಮೋಡ್ ಬಳಸುವಾಗ ಮೇಲೆ ಹೇಳಿದ್ದಕ್ಕೆ ಉಲ್ಟಾ, ಬಣ್ಣದ ನಿರ್ವಹಣೆ ಪ್ರಿಂಟರಿಗೇ ಬಿಡಬೇಕು. ಅದರ ಟೋನ್ 'ಡಾರ್ಕರ್' ಅಂತಲೇ ಬಂದಿರುತ್ತೆ; 'ಡಾರ್ಕ್' ಅಥವಾ 'ನಾರ್ಮಲ್' ಇಟ್ಟು ವೆಡ್ಜ್ ಹೋಲಿಸಿ. ಗ್ಲಾಸಿ ಮೇಲೆ ಪೂರ್ತಿ ಬಿಳಿ ಇರುವಲ್ಲಿ ಇಂಕ್ ಬೀಳದೆ ಹೊಳಪು ಬೇರೆಯಾಗಿ ಕಂಡರೆ 'ಹೈಲೈಟ್ ಪಾಯಿಂಟ್ ಶಿಫ್ಟ್' ಆನ್ ಮಾಡಿ. ಮೀಡಿಯಾ ಟೈಪ್ ತಪ್ಪಿದರೆ ಕಪ್ಪು ಇಂಕೇ ತಪ್ಪುತ್ತೆ: ಗ್ಲಾಸಿ ಮೇಲೆ ಮ್ಯಾಟ್ ಕಪ್ಪು ಬಿದ್ದರೆ ಬೆರಳಿಗೆ ಒರೆಸಿಕೊಂಡು ಬರುತ್ತೆ.

ಕೊನೆಗೆ ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನದಲ್ಲೇ ತೇವ ಜಾಸ್ತಿ, ಸಕಲೇಶಪುರ, ಮೂಡಿಗೆರೆ ಕಡೆ ಕೇಳೋದೇ ಬೇಡ. ತೇವ ಕುಡಿದ ಪೇಪರ್ ಅಂಚು ಮುದುಡಿ ಇಂಕ್ ಚಿಮ್ಮಿಸುವ ಹೆಡ್‌ಗೆ ತಗಲುತ್ತೆ, ಅಂಚಿನಲ್ಲಿ ಕಪ್ಪು ಗೀರು ಬರೋದು ಅದರಿಂದಲೇ. ಪೇಪರ್ ಅದರ ಮೂಲ ಪ್ಲಾಸ್ಟಿಕ್ ಚೀಲದಲ್ಲೇ ಸಿಲಿಕಾ ಜೆಲ್ ಹಾಕಿ ಬೀರುವಿನಲ್ಲಿ ಮಲಗಿಸಿಡಿ, ಬೇಕಾದಷ್ಟೇ ಹಾಳೆ ಹೊರಗೆ ತೆಗೀರಿ. ಮುದುಡಿದ್ದರೆ ಹಿಮ್ಮುಖವಾಗಿ ಮೆಲ್ಲಗೆ ಬಾಗಿಸಿ ಸಮ ಮಾಡಿ. ಫೆಬ್ರವರಿ, ಮಾರ್ಚ್ ಒಣಹವೆಯಲ್ಲಿ ಇದರ ಉಲ್ಟಾ, ನಾಝಲ್ (ಹೆಡ್‌ನಲ್ಲಿ ಇಂಕ್ ಬರುವ ಸಣ್ಣ ತೂತು) ಕಟ್ಟಿಕೊಳ್ಳುತ್ತೆ. ವಾರಕ್ಕೊಂದು ಸಣ್ಣ ಬಣ್ಣದ ಪ್ರಿಂಟ್ ತೆಗೀರಿ, ವೆಡ್ಜ್ ತೆಗೆಯುವ ಮುಂಚೆ ನಾಝಲ್ ಚೆಕ್ ಮಾಡಿ. ತಿಳಿ ಮಜೆಂಟಾದ ಒಂದಿಷ್ಟು ನಾಝಲ್ ಕಟ್ಟಿದ್ದರೂ ಬೂದೆಲ್ಲ ಹಸಿರಾಗುತ್ತೆ, ನೀವು ಪ್ರೊಫೈಲ್ ಹುಡುಕ್ತಾ ಕೂತಿರ್ತೀರಿ. ಪ್ರಿಂಟರನ್ನು ಗೋಡೆಯ ಸ್ವಿಚ್‌ನಲ್ಲಿ ಆರಿಸಬೇಡಿ. ಅದರದೇ ಬಟನ್ ಒತ್ತಿದರೆ ಮಾತ್ರ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಕಡೆ ಒಂದು ಯುಪಿಎಸ್ ಇಡಿ.