ಕೆನಡಾ ಸಿಟಿಜನ್‌ಶಿಪ್ ತಗೊಂಡ್ರೆ ಕೊಡಗಿನ ಕಾಫಿ ತೋಟ ಕೈತಪ್ಪುತ್ತಾ?

ವಿರಾಜಪೇಟೆ ಕಡೆಯವರು, ಟೊರೊಂಟೊದಲ್ಲಿ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿದೆ, ಸಿಟಿಜನ್ ಆಗೋಕೆ ಏನು ಬೇಕು, ಆದ್ರೆ ಅಪ್ಪನ ತೋಟದ ಕಥೆ ಏನು ಅಂತ ಕೇಳಿದೀರಿ.

ಅರ್ಜಿ ಹಾಕೋ ದಿನಕ್ಕೆ ಹಿಂದಿನ 5 ವರ್ಷದಲ್ಲಿ 1,095 ದಿನ ನೀವು ಕೆನಡಾದೊಳಗೇ ಇದ್ದಿರ್ಬೇಕು, ಪಿಆರ್‌ಗೆ ಮುಂಚೆ ವರ್ಕ್ ಪರ್ಮಿಟ್‌ನಲ್ಲೋ ಸ್ಟಡಿ ಪರ್ಮಿಟ್‌ನಲ್ಲೋ ಕಳೆದ ಒಂದೊಂದು ದಿನ ಅರ್ಧ ದಿನ ಅಂತ ಸೇರುತ್ತೆ, ಅದೂ ಹೆಚ್ಚಂದ್ರೆ 365 ದಿನ. ಕಾಫಿ ಕೊಯ್ಲಿಗೆ ಅಂತ ಬಂದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲೇ ನಿಂತ್ರೆ ಆ ದಿನ ಲೆಕ್ಕಕ್ಕೆ ಬರಲ್ಲ. ಪಿಆರ್ ಉಳಿಸ್ಕೊಳ್ಳೋಕೆ ಮಾತ್ರ ಆದ್ರೆ 5 ವರ್ಷದಲ್ಲಿ 730 ದಿನ ಸಾಕು.

ತೋಟದ ವಿಷ್ಯಾನೇ ಸರಿಯಾಗಿ ತಿಳ್ಕೊಳ್ಳಿ. ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲ, ಅಲ್ಲಿ ಪ್ರಮಾಣ ತಗೊಂಡ ಕೂಡ್ಲೇ ಭಾರತದ ಪೌರತ್ವ ಹೋಗುತ್ತೆ, ಪಾಸ್‌ಪೋರ್ಟ್ ಸರೆಂಡರ್ ಮಾಡಿ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡೋ ಕಾರ್ಡ್) ಮಾಡಿಸ್ಕೋಬೇಕು. ಒಸಿಐ ಇದ್ರೆ ಸಿದ್ದಾಪುರದಲ್ಲಿ ಮನೆ ಕೊಳ್ಬೋದು, ಆದ್ರೆ ಕೃಷಿ ಜಮೀನು, ಕಾಫಿ ತೋಟ ಕೊಳ್ಳೋ ಹಾಗಿಲ್ಲ, ದಾನವಾಗಿ ಬರೆಸ್ಕೊಳ್ಳೋಕೂ ಆಗಲ್ಲ. ವಿದೇಶದಲ್ಲೇ ನೆಲೆಸಿರೋ ಭಾರತೀಯ ಪಾಸ್‌ಪೋರ್ಟಿನವರಿಗೂ ಇದೇ ನಿಯಮ, ಹಾಗಾಗಿ ಪಿಆರ್‌ನಲ್ಲೇ ಇದ್ರೆ ಪಕ್ಕದ ತೋಟ ಕೊಳ್ಬೋದು ಅಂದ್ಕೋಬೇಡಿ.

ಅಪ್ಪನಿಂದ ಉತ್ತರಾಧಿಕಾರವಾಗಿ ಬರೋದಕ್ಕೆ ಮಾತ್ರ ತಡೆ ಇಲ್ಲ. ಅದಕ್ಕೇ ಗಿಫ್ಟ್ ಡೀಡ್ ಬೇಡ, ವಿಲ್ ಬರೆಸಿ ಅಂತ ನಾನು ಹೇಳೋದು. ಮುಂದೆ ಮಾರೋದಾದ್ರೆ ಭಾರತದಲ್ಲೇ ಇರೋ ಭಾರತೀಯ ಪ್ರಜೆಗೆ ಮಾತ್ರ ಮಾರ್ಬೋದು. ಜಮ್ಮಾ ಜಾಗ (ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನು) ಆಗಿದ್ರೆ ಇಡೀ ಒಕ್ಕದ, ಅಂದ್ರೆ ಮನೆತನದ, ಹಕ್ಕಿನ ಪ್ರಶ್ನೆ ಬರುತ್ತೆ, ಅಪ್ಪ ಗಟ್ಟಿಯಾಗಿರುವಾಗ್ಲೇ ಆರ್‌ಟಿಸಿ ತೆಗೆಸಿ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ.